ಹಿಪ್ಪುನೇರಳೆ ಬೊಡ್ಡೆ, ದಾಳಿಂಬೆ ಸಸಿ: ಎಲೆ ಉದುರಿಸುವ ಮರಗಳಿಂದ ಬೋನ್ಸಾಯ್ ಮಾಡುವ ಕ್ರಮ

ಶಿಡ್ಲಘಟ್ಟ, ಚಿಂತಾಮಣಿ, ರಾಮನಗರದ ಕಡೆ ಹಳೆಯ ಹಿಪ್ಪುನೇರಳೆ ತೋಟವನ್ನು ಕಿತ್ತು ಹೊಸ ಕಡ್ಡಿ ನೆಡುವ ಕಾಲದಲ್ಲಿ ಹೊಲದ ಬದುವಿನ ಮೇಲೆ ಬೊಡ್ಡೆಗಳ ರಾಶಿ ಬಿದ್ದಿರುತ್ತದೆ. ಹದಿನೈದು ಇಪ್ಪತ್ತು ವರ್ಷ ನೆಲದ ಮಟ್ಟದಲ್ಲಿ ಕುಡುಗೋಲಿಗೆ ತಲೆಯೊಡ್ಡಿ, ಪ್ರತಿ ಸಲವೂ ಹೊಸ ಚಿಗುರು ಕೊಟ್ಟು, ತೋಳಿನ ದಪ್ಪಕ್ಕೆ ಊದಿಕೊಂಡು, ಗಂಟುಗಂಟಾಗಿ, ಅಲ್ಲಲ್ಲಿ ಪೊಟರೆ ಬಿದ್ದು ನಿಂತ ಆ ಬೊಡ್ಡೆಗಳಲ್ಲಿ ಹೆಚ್ಚಿನವು ಒಲೆಗೆ ಹೋಗುತ್ತವೆ. ಕುಂಡದಲ್ಲಿ ಎರಡು ದಶಕ ಕಾದರೂ ಸಿಗದಂಥ ಕಾಂಡ ಅಲ್ಲಿ ಸೌದೆಯ ಬೆಲೆಗೆ, ಎಷ್ಟೋ ಸಲ ಬರೀ ಮಾತಿನ ಮೇಲೆ, ಸಿಗುತ್ತದೆ. ನರ್ಸರಿಯಿಂದ ತಂದ ಸಸಿಯಲ್ಲಿ ಬೇರು ಮತ್ತು ಕೊಂಬೆಗಳನ್ನು ನಾವು ಮೊದಲಿನಿಂದ ರೂಪಿಸಬಹುದು, ಆದರೆ ಕಾಂಡಕ್ಕೆ ಕಾಯಬೇಕು. ಅಗೆದು ತಂದ ಬೊಡ್ಡೆಯಲ್ಲಿ ಕಾಂಡ ಸಿದ್ಧವಾಗಿರುತ್ತದೆ, ಕೊಂಬೆಗಳನ್ನು ಸೊನ್ನೆಯಿಂದ ಬೆಳೆಸಬೇಕು. ಈ ಲೇಖನದಲ್ಲಿ ಮೊದಲನೆಯದಕ್ಕೆ ದಾಳಿಂಬೆಯನ್ನೂ ಎರಡನೆಯದಕ್ಕೆ ಹಿಪ್ಪುನೇರಳೆಯನ್ನೂ ಇಟ್ಟುಕೊಂಡು ಎರಡೂ ದಾರಿಗಳನ್ನು ವಿವರಿಸಿದ್ದೇನೆ. ಬಸರಿ, ತಪಸಿ, ಅತ್ತಿ ಮುಂತಾದ ಮರಗಳಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಗಿಡವನ್ನು ಉಪವಾಸ ಕೆಡವಿ ಕುಬ್ಜ ಮಾಡುವುದೇ ಬೋನ್ಸಾಯ್ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಇನ್ನೂ ಇದೆ. ಹಸಿದ ಗಿಡಕ್ಕೆ ಕತ್ತರಿ ಹಾಕಿದರೆ ಅದು ಚಿಗುರುವುದಿಲ್ಲ, ಸಾಯುತ್ತದೆ. ಚೆನ್ನಾಗಿ ಉಣಿಸಿ, ಬೆಳೆಯಲು ಬಿಟ್ಟು, ಬೇಕಾದ ಜಾಗದಲ್ಲಿ ಕತ್ತರಿಸಿ, ಮತ್ತೆ ಉಣಿಸುವುದೇ ಈ ಕೆಲಸದ ತಿರುಳು. ನೀರಾವರಿ ತೋಟದಲ್ಲಿ ವರ್ಷಕ್ಕೆ ಐದು ಸಲ ಸೊಪ್ಪು ತೆಗೆಯುವ ರೇಷ್ಮೆ ಬೆಳೆಗಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಹವೆಯ ಪಂಚಾಂಗ

ಎಲೆ ಉದುರಿಸುವ ಮರವು ಎಲೆಯಿರುವಷ್ಟು ಕಾಲ ತಯಾರಿಸಿದ ಪಿಷ್ಟವನ್ನು ಕಾಂಡಕ್ಕೂ ಬೇರಿಗೂ ಇಳಿಸಿಕೊಂಡು, ಎಲೆ ಕಳಚಿ, ಕೆಲವು ವಾರ ಸುಮ್ಮನಿದ್ದು, ಕೂಡಿಟ್ಟ ಆ ಬಂಡವಾಳದಿಂದಲೇ ಮುಂದಿನ ಚಿಗುರನ್ನು ಹೊರಡಿಸುತ್ತದೆ. ಬೇರು ಕತ್ತರಿಸುವುದು, ಕಾಂಡವನ್ನು ಮೊಟಕು ಮಾಡುವುದು, ಅಗೆದು ತರುವುದು ಮೊದಲಾದ ದೊಡ್ಡ ಕೆಲಸಗಳನ್ನು ಬಂಡವಾಳ ಇನ್ನೂ ಖರ್ಚಾಗದಿರುವಾಗ, ಅಂದರೆ ಎಲೆ ಉದುರಿದ ಮೇಲೆ ಮೊಗ್ಗುಗಳು ಉಬ್ಬತೊಡಗುವ ದಿನಗಳಲ್ಲಿ, ಮಾಡಬೇಕು. ಎಲೆ ಬಿಚ್ಚಿದ ನಂತರ ಬೇರು ಕತ್ತರಿಸಿದರೆ ಬಂಡವಾಳವೂ ಹೋಯಿತು, ಗಳಿಕೆಯೂ ನಿಂತಿತು.

ಜಪಾನಿನ ಪುಸ್ತಕಗಳು ಹೇಳುವ ಋತುಗಳನ್ನು ಇಲ್ಲಿ ಹಾಗೆಯೇ ಪಾಲಿಸುವಂತಿಲ್ಲ. ಅಲ್ಲಿ ಹಿಮ ಬೀಳುವ ಚಳಿ ಮರವನ್ನು ಮಲಗಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಜಪಾನಿ ಮೇಪಲ್‌ಗೆ ಈ ಚಳಿ ಸಾಲದು. ಅದು ಸರಿಯಾಗಿ ಮಲಗದೆ, ಸರಿಯಾಗಿ ಏಳಲೂ ಆಗದೆ, ಬೇಸಿಗೆಯಲ್ಲಿ ಎಲೆಯಂಚು ಸುಟ್ಟುಕೊಂಡು ಎರಡು ಮೂರು ವರ್ಷದಲ್ಲಿ ಸೊರಗಿ ಹೋಗುತ್ತದೆ. ಕೆಂಪೆಲೆಯ ಆಸೆಗೆ ದುಬಾರಿ ಬೆಲೆ ಕೊಟ್ಟು ಅದನ್ನು ತರುವುದಕ್ಕಿಂತ, ಚಿಗುರೊಡೆಯುವಾಗ ತಾನೇ ತಾಮ್ರದ ಬಣ್ಣ ತಳೆಯುವ ಬಸರಿಯನ್ನು ಬೆಳೆಸುವುದು ಮೇಲು.

ನಮ್ಮ ಬಯಲುಸೀಮೆಯಲ್ಲಿ ಮರವನ್ನು ಮಲಗಿಸುವುದರಲ್ಲಿ ಚಳಿಯಷ್ಟೇ ಪಾಲು ಒಣಹವೆಗೂ ಇದೆ. ಇದನ್ನು ಚೆನ್ನಾಗಿ ಬಲ್ಲವರು ದಾಳಿಂಬೆ ಬೆಳೆಗಾರರು. ಅವರು ಬಹಾರ್ ಎಂದು ಕರೆಯುವ ಕ್ರಮದಲ್ಲಿ ಒಂದು ಒಂದೂವರೆ ತಿಂಗಳು ನೀರು ನಿಲ್ಲಿಸಿ, ಎಲೆ ಉದುರಿಸಿ, ಚಾಟನಿ ಮಾಡಿ (ಕೊಂಬೆ ಸವರಿ), ಗೊಬ್ಬರ ಹಾಕಿ ನೀರು ಬಿಡುತ್ತಾರೆ. ಗಿಡ ಒಮ್ಮೆಗೇ ಚಿಗುರಿ ಹೂ ಬಿಡುತ್ತದೆ. ಜನವರಿ–ಫೆಬ್ರವರಿಯ ಅಂಬೆ ಬಹಾರ್ ನಮ್ಮ ಕೆಲಸಕ್ಕೆ ಸರಿಹೊಂದುವ ಕಾಲ. ಆದರೆ ನೆಲದ ಗಿಡದಂತೆ ಕುಂಡದ ಗಿಡಕ್ಕೆ ತಿಂಗಳುಗಟ್ಟಲೆ ನೀರು ನಿಲ್ಲಿಸಿದರೆ ಅದು ಉಳಿಯುವುದಿಲ್ಲ. ಡಿಸೆಂಬರ್ ನಡುವಿನಿಂದ ಮೂರು ವಾರ ನೀರನ್ನು ಅರ್ಧಕ್ಕೆ ಇಳಿಸಿ, ಮಣ್ಣಿನ ಮೇಲಿನ ಒಂದು ಅಂಗುಲ ಒಣಗಿದ ಮೇಲಷ್ಟೇ ಹಾಕಬೇಕು. ಸಂಕ್ರಾಂತಿಯ ಹೊತ್ತಿಗೆ ಉಳಿದಿರುವ ಹಳದಿ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಯಿಂದ ತೆಗೆಯಬೇಕು. ಅಲ್ಲಿಂದ ಶಿವರಾತ್ರಿಯವರೆಗಿನ ಐದಾರು ವಾರಗಳೇ ದೊಡ್ಡ ಕೆಲಸಗಳ ಕಾಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರಲ್ಲ, ಅಷ್ಟರೊಳಗೆ ಗರಗಸ ಎತ್ತಿಟ್ಟಿರಬೇಕು.

ಬೊಡ್ಡೆಯನ್ನು ಆರಿಸಿ ಅಗೆಯುವುದು

ಮೊದಲು ಕಾನೂನಿನ ಮಾತು. ಕಾಡಿನಿಂದ, ರಸ್ತೆ ಬದಿಯಿಂದ, ಕೆರೆಯಂಗಳದಿಂದ ಗಿಡ ಅಗೆದು ತರುವುದು ಸಲ್ಲದು. ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲೂ, ಮರಗಳ ಸಂರಕ್ಷಣೆಗಾಗಿಯೇ ಇರುವ 1976ರ ಕಾಯ್ದೆಯಲ್ಲೂ ಇದಕ್ಕೆ ದಂಡನೆ ಇದೆ. ರೈತ ತಾನೇ ಕಿತ್ತು ಹಾಕುತ್ತಿರುವ ಹಿಪ್ಪುನೇರಳೆ ತೋಟ, ಮನೆ ಕಟ್ಟಲು ಸ್ವಚ್ಛ ಮಾಡುತ್ತಿರುವ ನಿವೇಶನ, ಕೆಡವಲಿರುವ ಗೋಡೆಯ ಬಿರುಕಿನಲ್ಲಿ ಹಕ್ಕಿಯ ಹಿಕ್ಕೆಯಿಂದ ಹುಟ್ಟಿದ ಅರಳಿ, ಬಸರಿ, ಇಂಥವನ್ನು ಮಾಲೀಕರ ಒಪ್ಪಿಗೆ ಪಡೆದು ತೆಗೆಯಬಹುದು. ಬದುಕಿಸುವ ಸಾಮರ್ಥ್ಯಕ್ಕಿಂತ ಹೆಚ್ಚು ಬೊಡ್ಡೆಗಳನ್ನು ತರುವ ಚಪಲವನ್ನೂ ತಡೆದುಕೊಳ್ಳಬೇಕು.

ತೋಟ ಕೀಳುವ ಸುದ್ದಿ ಸಿಕ್ಕರೆ ಒಂದು ದಿನ ಮೊದಲೇ ಹೋಗುವುದು ಒಳ್ಳೆಯದು. ಜೆಸಿಬಿ ಬಕೆಟ್ಟಿನ ಬಾಯಿಗೆ ಸಿಕ್ಕ ಬೊಡ್ಡೆಯ ಬೇರುಗಳು ಸೀಳಿ, ತೊಗಟೆ ಕಿತ್ತು, ಅರ್ಧ ಸತ್ತೇ ಹೋಗಿರುತ್ತವೆ. ಬುಡದಲ್ಲಿ 8ರಿಂದ 12 ಸೆಂ.ಮೀ. ದಪ್ಪವಿದ್ದು, ಮೇಲಕ್ಕೆ ಹೋದಂತೆ ಸಪೂರವಾಗುವ, ಬೇರುಗಳು ಒಂದೇ ಬದಿಗೆ ಹೋಗದೆ ಸುತ್ತಲೂ ಹರಡಿರುವ ಬೊಡ್ಡೆ ಉತ್ತಮ. ಬೋನ್ಸಾಯ್‌ನ ಒಟ್ಟು ಎತ್ತರ ಬುಡದ ದಪ್ಪದ ಆರು ಪಟ್ಟು ಇದ್ದರೆ ಕಣ್ಣಿಗೆ ಮರವೆಂದು ಒಪ್ಪಿಗೆಯಾಗುತ್ತದೆ ಎಂಬುದು ರೂಢಿಯ ಲೆಕ್ಕ. ಆ ಪ್ರಕಾರ 8 ಸೆಂ.ಮೀ. ಬುಡಕ್ಕೆ ಅರ್ಧ ಮೀಟರಿಗಿಂತ ತುಸು ಕಡಿಮೆ ಎತ್ತರ ಸಾಕು. ಒಂದು ಬದಿ ಪೊಟರೆಯಾಗಿದ್ದರೆ ಅದು ದೋಷವಲ್ಲ, ಮುಂದೆ ಮರದ ವಯಸ್ಸು ಹೇಳುವುದು ಅದೇ. ಉಗುರಿನಿಂದ ತೊಗಟೆ ಕೆರೆದಾಗ ಹಸಿರು ಕಂಡು ಬಿಳಿ ಹಾಲು ಒಸರಬೇಕು. ತಳಿಯ ವಿಚಾರದಲ್ಲಿ, ಈಗ ಹೆಚ್ಚಾಗಿರುವ ವಿ-1ರ ಎಲೆ ಅಂಗೈಗಿಂತ ದೊಡ್ಡದು. ಹಳೆಯ ಮೈಸೂರು ನಾಟಿ ತಳಿಯ ಬೊಡ್ಡೆ ಎಲ್ಲಿಯಾದರೂ ಸಿಕ್ಕರೆ ಬಿಡಬಾರದು, ಅದರ ಎಲೆ ಚಿಕ್ಕದು.

ಅಗೆಯುವಾಗ ಬುಡದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಪಿಕಾಸಿಯಿಂದ ಸುತ್ತ ಕಾಲುವೆ ತೋಡಿ, ದಪ್ಪ ಬೇರುಗಳನ್ನು ಗರಗಸದಿಂದ ಕುಯ್ದು, ಕೊನೆಗೆ ಬೊಡ್ಡೆಯನ್ನು ವಾಲಿಸಿ ತಾಯಿಬೇರನ್ನು ಕತ್ತರಿಸಬೇಕು. ಹಾರೆ ಹಾಕಿ ಮೀಟುವ ಅವಸರ ಬೇಡ. ಹೊರಬಂದ ಬೇರುಗಳನ್ನು ಅಲ್ಲೇ ಬೆಳಕಿಗೆ ಹಿಡಿದು ನೋಡಬೇಕು. ಎಳೆಬೇರುಗಳಲ್ಲಿ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅದು ಜಂತುಹುಳುವಿನ ಗಂಟುಬೇರು ರೋಗ. ಹಿಪ್ಪುನೇರಳೆ ತೋಟಗಳಲ್ಲಿ ಇದು ಸಾಮಾನ್ಯ. ಕಾಂಡ ಎಷ್ಟೇ ಸೊಗಸಾಗಿದ್ದರೂ ಅಂಥದನ್ನು ಅಲ್ಲೇ ಬಿಟ್ಟು ಬರಬೇಕು, ಇಲ್ಲವಾದರೆ ಮನೆಯ ಉಳಿದ ಕುಂಡಗಳಿಗೂ ರೋಗ ಅಂಟುತ್ತದೆ. ಆರೋಗ್ಯವಾದ ಬೊಡ್ಡೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ ತರಬೇಕು. ಬೈಕಿನ ಹಿಂದೆ ಬರಿದೇ ಕಟ್ಟಿ ತಂದರೆ ಎಳೆಬೇರು ದಾರಿಯ ಗಾಳಿಗೇ ಒಣಗುತ್ತದೆ.

ನೆಡುವುದು, ಆಮೇಲೆ ಕೈಕಟ್ಟಿ ಕೂರುವುದು

ಮನೆಗೆ ತಂದ ದಿನವೇ ಮಣ್ಣನ್ನು ಪೈಪಿನ ನೀರಿನಿಂದ ಪೂರ್ತಿ ತೊಳೆದು, ದಪ್ಪ ಬೇರುಗಳನ್ನು ಬುಡದಿಂದ ಒಂದು ಗೇಣಿನೊಳಗೆ ನುಣುಪಾಗಿ ಕುಯ್ಯಬೇಕು. ಕುಯ್ದ ಮುಖ ಕೆಳಗೆ ನೋಡುವಂತಿರಲಿ, ಹೊಸ ಬೇರು ಅದರ ಅಂಚಿನಿಂದಲೇ ಹೊರಡುತ್ತದೆ. ನೇರ ಕೆಳಗೆ ಇಳಿಯುವ ಬೇರುಗಳನ್ನು ತೆಗೆದು ತಳವನ್ನು ಚಪ್ಪಟೆ ಮಾಡಿಕೊಂಡರೆ ಮುಂದೆ ತಟ್ಟೆಗೆ ಇಳಿಸುವಾಗ ಮತ್ತೆ ಹಿಂಸೆಯಾಗುವುದಿಲ್ಲ. ಹಿಪ್ಪುನೇರಳೆ ಕಡ್ಡಿಯಿಂದಲೇ ಬೇರು ಬಿಡುವ ಮರವಾದ್ದರಿಂದ ಇಷ್ಟು ಧೈರ್ಯ ಮಾಡಬಹುದು. ಬೇಲ, ಬಿಲ್ವ, ಹುಣಸೆಗಳಲ್ಲಿ ಇದೇ ಧೈರ್ಯ ತೋರಿಸಿದರೆ ಮರ ಹೋದಂತೆಯೇ. ಅವುಗಳಿಗೆ ಮಣ್ಣಿನ ಹೆಂಟೆಯ ಅರ್ಧ ಭಾಗವನ್ನಾದರೂ ಮುಟ್ಟದೆ ಉಳಿಸಿ, ಮಿಕ್ಕ ಅರ್ಧವನ್ನು ಎರಡು ವರ್ಷದ ನಂತರ ಸರಿಪಡಿಸಬೇಕು.

ದೊಡ್ಡ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚುವುದು ಕಾಫಿ, ಅಡಿಕೆ ತೋಟದವರಿಗೆ ಗೊತ್ತಿರುವ ವಿಧಾನ. ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ ಬೇರೆ ಬೇರೆ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿಕೊಂಡರೆ ಹತ್ತಾರು ಗಾಯಗಳಿಗೆ ಸಾಕು. ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು.

ಮೊದಲ ಎರಡು ವರ್ಷಕ್ಕೆ ಬೋನ್ಸಾಯ್ ತಟ್ಟೆಯ ಯೋಚನೆಯೇ ಬೇಡ. ಟೊಮೆಟೊ ಕ್ರೇಟಿನ ಒಳಗೆ ನೆರಳುಬಲೆ ಹಾಸಿ ಬಳಸಿದರೆ ಸುತ್ತಲಿಂದ ಗಾಳಿಯಾಡಿ ಬೇರು ಬಹಳ ಬೇಗ ಹರಡುತ್ತದೆ. ಮಣ್ಣಿನ ಬದಲು ತುಂಬುವ ಮಾಧ್ಯಮಕ್ಕೆ ಒಡೆದ ಮಂಗಳೂರು ಹೆಂಚಿನ ಚೂರು ನನ್ನ ಮೊದಲ ಆಯ್ಕೆ. ಜಪಾನಿನವರು ಅಕಾಡಾಮಾ ಎಂಬ ಜೇಡಿಯ ಹರಳನ್ನು ಬಳಸುತ್ತಾರೆ. ನೀರನ್ನು ಹೀರಿ ಹಿಡಿದುಕೊಂಡೂ ನಡುವೆ ಗಾಳಿಗೆ ಜಾಗ ಬಿಡುವ ಅದರ ಗುಣ, ಸುಟ್ಟ ಹೆಂಚಿನ ಚೂರಿನಲ್ಲೂ ತಕ್ಕಮಟ್ಟಿಗೆ ಇದೆ. ಹಳೆ ಮನೆ ಕೆಡವಿದಲ್ಲಿ ಹೆಂಚು ಧಾರಾಳವಾಗಿ ಸಿಗುತ್ತದೆ. ಸುತ್ತಿಗೆಯಿಂದ ಒಡೆದು, 6 ಮಿ.ಮೀ. ಜರಡಿಯಲ್ಲಿ ಇಳಿದು 3 ಮಿ.ಮೀ. ಜರಡಿಯಲ್ಲಿ ನಿಂತದ್ದನ್ನು ಇಟ್ಟುಕೊಂಡು, ಪುಡಿಯನ್ನು ಎಸೆಯಬೇಕು. ಎಸೆಯಲು ಮನಸ್ಸಾಗದೆ ಪುಡಿಯನ್ನೂ ಸೇರಿಸಿದರೆ ಮೊದಲ ಮಳೆಗಾಲದಲ್ಲೇ ಅದು ಕೆಸರಾಗಿ ಬೇರು ಕೊಳೆಯುತ್ತದೆ. ಇಂಥ ಚೂರು ನಾಲ್ಕು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು, ಇಷ್ಟೇ. ಈ ಹಂತದಲ್ಲಿ ಗೊಬ್ಬರ ಸೇರಿಸಬಾರದು.

ಬೊಡ್ಡೆಯನ್ನು ಕ್ರೇಟಿಗೆ ತಂತಿಯಿಂದ ಬಿಗಿಯಾಗಿ ಕಟ್ಟುವುದನ್ನು ಮರೆಯಬಾರದು, ಅಲುಗಾಡಿದರೆ ಹೊಸದಾಗಿ ಹೊರಟ ಕೂದಲಿನಂಥ ಬೇರು ಮುರಿಯುತ್ತದೆ. ಕಡ್ಡಿಯ ತುದಿಯಿಂದ ಚೂರುಗಳನ್ನು ಬೇರಿನ ಸಂದುಗೊಂದುಗಳಿಗೆ ಇಳಿಸಿ, ತಳದಿಂದ ತಿಳಿನೀರು ಬರುವವರೆಗೆ ನೀರು ಹಾಕಿ, ನೇರ ಬಿಸಿಲಿಲ್ಲದ ಬೆಳಕಿನ ಜಾಗದಲ್ಲಿಡಬೇಕು. ಫೆಬ್ರವರಿ, ಮಾರ್ಚಿನ ಒಣಗಾಳಿಯಿಂದ ಕಾಪಾಡಲು ಬೊಡ್ಡೆಗೆ ಒದ್ದೆ ಗೋಣಿ ಸುತ್ತಿ, ಮೇಲೆ ಪಾರದರ್ಶಕ ಚೀಲವನ್ನು ಸಡಿಲವಾಗಿ ಕವುಚಿದರೆ ಸಾಕು.

ಇನ್ನು ಮುಂದಿನದು ಕೈಕಟ್ಟಿ ಕೂರುವ ಕೆಲಸ, ಎಲ್ಲಕ್ಕಿಂತ ಕಷ್ಟದ್ದು. ನನ್ನ ಮೊದಲ ಬೊಡ್ಡೆ ಹದಿನೈದೇ ದಿನದಲ್ಲಿ ಮೈತುಂಬ ಚಿಗುರಿತು. ಬದುಕಿತು ಎಂದು ಹಿಗ್ಗಿ, ಬಿಸಿಲಿಗಿಟ್ಟು, ಹಿಂಡಿ ಗೊಬ್ಬರ ಹಾಕಿದೆ. ಏಪ್ರಿಲ್ ಕೊನೆಗೆ ಚಿಗುರೆಲ್ಲ ಒಂದೇ ದಿನ ಜೋತುಬಿತ್ತು. ಕಿತ್ತು ನೋಡಿದರೆ ತಳದಲ್ಲಿ ಒಂದಾದರೂ ಹೊಸ ಬೇರಿರಲಿಲ್ಲ. ಕಾಂಡದಲ್ಲಿ ಕೂಡಿಟ್ಟ ಪಿಷ್ಟದಿಂದ ಚಿಗುರು ಬರುವುದಕ್ಕೆ ಬೇರು ಬೇಕಾಗಿಲ್ಲ. ಸಾಮಾನ್ಯವಾಗಿ ಬೇರು ಹೊರಡುವುದು ಮೊದಲ ಎಲೆಗಳು ಬಲಿತು ಕೆಳಗೆ ಆಹಾರ ಇಳಿಸಿದ ಮೇಲೆಯೇ. ಆದ್ದರಿಂದ ಮೊದಲ ಚಿಗುರನ್ನು ನಂಬದೆ, ಅದು ಬೆಳೆದು ನಿಂತು, ಕೆಲವು ವಾರಗಳ ನಂತರ ಎರಡನೆಯ ಸಲ ಹುರುಪಿನಿಂದ ಮುಂದುವರಿದಾಗ ಮಾತ್ರ ಬೇರು ಬಂದಿದೆ ಎಂದು ತಿಳಿಯಬೇಕು. ಅಲ್ಲಿಯವರೆಗೆ ಗೊಬ್ಬರವಿಲ್ಲ, ಕತ್ತರಿಯಿಲ್ಲ, ಅಲುಗಾಡಿಸಿ ನೋಡುವುದಂತೂ ಇಲ್ಲವೇ ಇಲ್ಲ. ಮುಂಗಾರು ಬಂದ ಮೇಲೆ ನಿಧಾನವಾಗಿ ಬೆಳಗಿನ ಬಿಸಿಲಿಗೆ ಒಗ್ಗಿಸಿ, ಆ ವರ್ಷವಿಡೀ ಚಿಗುರುಗಳನ್ನು ಇಚ್ಛೆ ಬಂದಷ್ಟು ಉದ್ದ ಬೆಳೆಯಲು ಬಿಡಬೇಕು.

ನರ್ಸರಿಯಲ್ಲಿ ಏನನ್ನು ನೋಡಬೇಕು

ನರ್ಸರಿಗೆ ಹೋದವರು ಸಾಮಾನ್ಯವಾಗಿ ಮೇಲಿನ ಎಲೆ, ಹೂ ನೋಡಿ ಮರುಳಾಗುತ್ತಾರೆ. ಮೇಲಿನದ್ದನ್ನು ಹೇಗೂ ಕತ್ತರಿಸಿ ಹಾಕಲಿದ್ದೇವೆ, ನೋಡಬೇಕಾದ್ದು ಕೆಳಗಿನ ನಾಲ್ಕು ಅಂಗುಲವನ್ನು. ನರ್ಸರಿಯವರ ಅನುಮತಿ ಕೇಳಿ, ಬೆರಳಿನಿಂದ ಮಣ್ಣನ್ನು ಎರಡು ಅಂಗುಲ ಸರಿಸಿ, ಬುಡ ಎಲ್ಲಿ ಅಗಲವಾಗುತ್ತದೆ, ಬೇರು ಎಷ್ಟು ಬದಿಗಳಿಗೆ ಹೋಗುತ್ತದೆ ಎಂದು ಪರೀಕ್ಷಿಸಬೇಕು. ಹಣ್ಣಿಗಾಗಿ ಮಾರುವ ದಾಳಿಂಬೆ ಸಸಿಗಳು ಹೆಚ್ಚಾಗಿ ಗೂಟಿ ಕಟ್ಟಿ, ಅಂದರೆ ಗಿಡದ ಮೇಲಿರುವ ಕೊಂಬೆಯಲ್ಲೇ ಬೇರು ಬರಿಸಿ, ಮಾಡಿದವು. ಅವುಗಳಲ್ಲಿ ತಾಯಿಬೇರು ಇರುವುದಿಲ್ಲ ಎಂಬುದು ನಮಗೆ ಅನುಕೂಲ, ಬೇರು ಒಂದೇ ಮಗ್ಗುಲಿಂದ ಹೊರಟಿರಬಹುದು ಎಂಬುದು ಅನನುಕೂಲ. ಕೆಳಗೇ ಕವಲೊಡೆದ, ತುಸು ಸೊಟ್ಟಗಿನ, ಮಾರಾಟವಾಗದೆ ಮೂಲೆಯಲ್ಲಿ ಎರಡು ವರ್ಷ ಉಳಿದ ಸಸಿಯೇ ನಮಗೆ ಬೇಕಾದ್ದು. ಅದನ್ನು ಅವರು ಕಡಿಮೆ ಬೆಲೆಗೂ ಕೊಡುತ್ತಾರೆ. ಡ್ವಾರ್ಫ್ ದಾಳಿಂಬೆ ಎಂದು ಹೂವಿಗಾಗಿ ಮಾರುವ ಬಗೆಯಲ್ಲಿ ಎಲೆಯೂ ಕಾಯಿಯೂ ಚಿಕ್ಕವಾದ್ದರಿಂದ ಸಣ್ಣ ಮರಕ್ಕೆ ಅದೇ ಲೇಸು. ಚಿತ್ರದುರ್ಗ, ಕೊಪ್ಪಳ, ಬಾಗಲಕೋಟೆಯ ಕಡೆ ದುಂಡಾಣು ಅಂಗಮಾರಿಗೆ ತುತ್ತಾಗಿ ಕಿತ್ತ ತೋಟಗಳ ದಪ್ಪ ದಾಳಿಂಬೆ ಬೊಡ್ಡೆಗಳೂ ಸಿಗುತ್ತವೆ. ಆದರೆ ರೋಗ ಜೊತೆಗೇ ಬರುವುದರಿಂದ, ಮನೆಯಲ್ಲಿ ಬೇರೆ ದಾಳಿಂಬೆ ಇರುವವರು ಆ ಆಸೆಯನ್ನು ಬಿಡಬೇಕು.

ತಂದ ಸಸಿಯನ್ನು ಚೀಲದಿಂದ ಬಿಡಿಸಿದಾಗ ಬೇರು ತಳದಲ್ಲಿ ಸಿಂಬಿಯಂತೆ ಸುತ್ತಿಕೊಂಡಿರುವುದು ಕಾಣುತ್ತದೆ. ಸಂಕ್ರಾಂತಿಯ ನಂತರದ ಕಾಲವಾಗಿದ್ದರೆ ಅದನ್ನು ಬಿಡಿಸಿ, ಕೆಳಮುಖದ ಬೇರುಗಳನ್ನು ಕತ್ತರಿಸಿ, ಉಳಿದವನ್ನು ಸುತ್ತಲೂ ಚಕ್ರದ ಅರಗಳಂತೆ ಹರಡಬೇಕು. ಬುಡದ ಕೆಳಗೆ ಒಂದು ಹೆಂಚಿನ ತುಂಡು ಅಡ್ಡವಿಟ್ಟು, ಜಾಗವಿರುವವರು ನೆಲದಲ್ಲೂ ಇಲ್ಲದವರು ಅಗಲವಾದ ದೊಡ್ಡ ಕುಂಡದಲ್ಲೂ ನೆಡಬೇಕು. ಹೆಂಚು ಅಡ್ಡವಿದ್ದರೆ ಬೇರು ಕೆಳಗಿಳಿಯದೆ ಅಡ್ಡಡ್ಡ ಹೋಗಿ ಬುಡ ಅಗಲವಾಗುತ್ತದೆ. ಕಾಂಡ ದಪ್ಪವಾಗುವುದು ಈ ಹಂತದಲ್ಲಿ ಮಾತ್ರ, ತಟ್ಟೆಗೆ ಇಳಿಸಿದ ದಿನ ಅದರ ದಪ್ಪ ಹೆಚ್ಚುಕಡಿಮೆ ಅಲ್ಲಿಗೇ ನಿಂತಂತೆ. ಮೂರು ವರ್ಷ ನೆಲದಲ್ಲಿ ಬಿಡಲು ತಾಳ್ಮೆಯಿಲ್ಲದೆ ಪಿಂಗಾಣಿ ತಟ್ಟೆ ಕೊಂಡವರ ಮನೆಯಲ್ಲಿ ಹತ್ತು ವರ್ಷದ ನಂತರವೂ ಬೆರಳಿನ ದಪ್ಪದ ಗಿಡವೇ ಇರುತ್ತದೆ.

ಕಾಂಡಕ್ಕೆ ಓರೆ, ಕೊಂಬೆಗೆ ಕತ್ತರಿ

ಬೆಳೆದ ಸಸಿಯ ಕಾಂಡ ಬೆತ್ತದಂತೆ ಬುಡದಿಂದ ತುದಿಯವರೆಗೆ ಒಂದೇ ದಪ್ಪವಿರುತ್ತದೆ. ಅದನ್ನು ಮರದಂತೆ ಸಪೂರಗೊಳಿಸುವ ಉಪಾಯ ಒಂದೇ: ಕತ್ತರಿಸುವುದು, ಬೆಳೆಸುವುದು, ಮತ್ತೆ ಮೇಲೆ ಕತ್ತರಿಸುವುದು. ಬುಡದಿಂದ, ಮರಕ್ಕೆ ಮುಂದೆ ಬೇಕಾದ ಒಟ್ಟು ಎತ್ತರದ ಮೂರನೇ ಒಂದು ಭಾಗದಷ್ಟು ಮೇಲೆ, ಒಂದು ಒಳ್ಳೆಯ ಚಿಗುರಿನ ಹಿಂದೆ ಕಾಂಡವನ್ನು ಓರೆಯಾಗಿ ಕುಯ್ದು, ಆ ಚಿಗುರನ್ನೇ ಹೊಸ ತುದಿಯಾಗಿ ಮೇಲಕ್ಕೆ ಕಟ್ಟಬೇಕು. ಅದು ಕುಯ್ದ ಜಾಗದ ಕಾಂಡದ ಅರ್ಧದಷ್ಟಾದರೂ ದಪ್ಪವಾಗುವವರೆಗೆ, ಎರಡು ಮಾರುದ್ದ ಹೋದರೂ ಸರಿ, ಮುಟ್ಟಬಾರದು. ಆಮೇಲೆ ಅದನ್ನೂ ಎರಡು ಗೆಣ್ಣಿಗೆ ಇಳಿಸಿ, ಈ ಸಲ ಎದುರು ದಿಕ್ಕಿನ ಮೊಗ್ಗನ್ನು ಮುಂದಿನ ತುದಿ ಮಾಡಬೇಕು. ಪ್ರತಿ ತುಂಡು ಕೆಳಗಿನದಕ್ಕಿಂತ ಗಿಡ್ಡವಾಗಿರಲಿ. ಬುಡದ ಹತ್ತಿರ ದಪ್ಪ ಸಾಲದಿದ್ದರೆ ಅಲ್ಲಿಂದ ಹೊರಟ ಒಂದು ಕೊಂಬೆಯನ್ನು ಕಡಿಯದೆ ಬೆಳೆಯಲು ಬಿಡಬೇಕು. ಎರಡು ವರ್ಷದ ನಂತರ ತೆಗೆದುಹಾಕಲಿರುವ ಇದನ್ನು ಬಲಿಕೊಂಬೆ ಎನ್ನಬಹುದು.

ಹಿಪ್ಪುನೇರಳೆಯಲ್ಲಿ ದೊಡ್ಡ ಗಾಯದ ಮೇಲಿನ ಕಟ್ಟಿಗೆ ಕೆಳಗಿನ ಜೀವಂತ ಮೊಗ್ಗಿನವರೆಗೆ ಒಣಗಿ ಹೋಗುವುದುಂಟು. ಆದ್ದರಿಂದ ಮೊದಲ ಸಲ ಮೊಗ್ಗಿನಿಂದ 2 ಸೆಂ.ಮೀ. ಮೇಲೆ ಕುಯ್ದು, ಮೋಟನ್ನು ಮುಂದಿನ ವರ್ಷ ಉಳಿಯಿಂದ ಸ್ವಲ್ಪ ಕುಳಿಯಾಗಿ ಕೆತ್ತಿದರೆ ತೊಗಟೆ ಅಂಚಿನಿಂದ ಉರುಳಿ ಬಂದು ಗಾಯವನ್ನು ಮುಚ್ಚುತ್ತದೆ. ಬೊಡ್ಡೆಯ ಸುತ್ತ ಹತ್ತಾರು ಚಿಗುರು ಬರುವುದರಿಂದ, ಎರಡನೆಯ ವರ್ಷದ ಆರಂಭದಲ್ಲಿ ಕೊಂಬೆಯಾಗಬಲ್ಲ ಐದಾರನ್ನು ಉಳಿಸಿ ಉಳಿದವನ್ನು ತೆಗೆಯಬೇಕು. ಒಂದೇ ಜಾಗದಿಂದ ಮೂರ್ನಾಲ್ಕು ಹೊರಟು ಗಂಟು ಕಟ್ಟಲು ಬಿಡಬಾರದು.

ಕೊಂಬೆ ರೂಪಿಸಲು ತಂತಿಗಿಂತ ಕತ್ತರಿಯೇ ಹೆಚ್ಚು ನಂಬಿಕಸ್ಥ. ಚೀನಾದ ದಕ್ಷಿಣದ ಗುವಾಂಗ್‌ಡಾಂಗ್ ಪ್ರದೇಶದಲ್ಲಿ ಬೆಳೆದುಬಂದ ಲಿಂಗ್ನಾನ್ ಪದ್ಧತಿ ಹೀಗೆ ಕತ್ತರಿಸಿ ಬೆಳೆಸುವುದನ್ನೇ ಆಧಾರ ಮಾಡಿಕೊಂಡಿದೆ. ಬೆಚ್ಚನೆಯ ಹವೆಯಲ್ಲಿ ಮರ ಬೇಗ ಬೆಳೆಯುವ ನಮ್ಮಂಥ ಊರುಗಳಿಗೆ ಜಪಾನಿ ಕ್ರಮಕ್ಕಿಂತ ಅದು ಹತ್ತಿರದ್ದು. ಕೊಂಬೆ ಆರೆಂಟು ಎಲೆ ಬಿಟ್ಟ ಮೇಲೆ ಎರಡು ಎಲೆಗೆ ಇಳಿಸಬೇಕು. ಕೊನೆಯಲ್ಲಿ ಉಳಿದ ಎಲೆಯ ಕಂಕುಳ ಮೊಗ್ಗು ಯಾವ ಕಡೆ ನೋಡುತ್ತಿದೆಯೋ ಮುಂದಿನ ಕವಲು ಆ ಕಡೆಗೇ ಹೋಗುತ್ತದೆ. ಹಿಪ್ಪುನೇರಳೆಯಲ್ಲಿ ಎಲೆಗಳು ಒಂದಾದ ಮೇಲೊಂದು ಎಡಬಲ ಬರುವುದರಿಂದ ಇದು ಸುಲಭ. ದಾಳಿಂಬೆಯಲ್ಲಿ ಮೊಗ್ಗುಗಳು ಸಾಮಾನ್ಯವಾಗಿ ಎದುರುಬದುರು ಇರುತ್ತವೆ. ಎರಡನ್ನೂ ಬಿಟ್ಟರೆ ಕೊಂಬೆಯೆಲ್ಲ ಕವಣೆಯ ಕವೆಗಳಾಗುತ್ತವೆ, ಒಂದನ್ನು ಬೆರಳಲ್ಲೇ ಚಿವುಟಬೇಕು. ದಾಳಿಂಬೆಯ ಹೂ ಹೊಸ ಕಡ್ಡಿಯ ತುದಿಯಲ್ಲಿ ಬರುವುದರಿಂದ, ಹೂ ಬೇಕಾದ ವರ್ಷ ಬೇಸಿಗೆಯ ನಂತರ ತುದಿ ಕತ್ತರಿಸಬಾರದು. ಆಕಾರ ಇನ್ನೂ ಕೂಡಿಬರದ ಮರದಿಂದ ಹೂ ಬಯಸುವುದು ಅವಸರವೇ ಸರಿ.

ತಂತಿಯನ್ನು ಎಳೆ ಕೊಂಬೆಗಷ್ಟೇ ಬಳಸುತ್ತೇನೆ. ಕೊಂಬೆಯ ಮೂರನೇ ಒಂದು ಭಾಗ ದಪ್ಪದ ಅಲ್ಯೂಮಿನಿಯಂ ತಂತಿಯನ್ನು 45 ಡಿಗ್ರಿ ಓರೆಯಲ್ಲಿ ಸುತ್ತಿ, ಎರಡೂ ಕೈ ಹೆಬ್ಬೆರಳಿನಿಂದ ನಿಧಾನವಾಗಿ ಬಾಗಿಸಬೇಕು. ಬಲಿತ ದಾಳಿಂಬೆ ಕೊಂಬೆ ಬಾಗುವುದಿಲ್ಲ, ಚಟ್ಟನೆ ಮುರಿಯುತ್ತದೆ. ಮಳೆಗಾಲದಲ್ಲಿ ಕೊಂಬೆ ವೇಗವಾಗಿ ದಪ್ಪವಾಗುವುದರಿಂದ ಹದಿನೈದು ದಿನಕ್ಕೊಮ್ಮೆ ನೋಡಿ, ತೊಗಟೆಯಲ್ಲಿ ಅಚ್ಚು ಮೂಡುವ ಮುನ್ನ ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು. ತಂತಿ ಉಳಿಸುವ ಆಸೆಯಿಂದ ಬಿಚ್ಚಹೋದರೆ ಮೊಗ್ಗುಗಳು ಉದುರುತ್ತವೆ. ಆಕಾರದ ಬಗ್ಗೆ ಒಂದು ಮಾತು: ನಮ್ಮಲ್ಲಿ ಅನೇಕರು ಪೈನ್ ಮರದ ಚಿತ್ರ ನೋಡಿ ಎಲ್ಲ ಮರದ ಕೊಂಬೆಗಳನ್ನೂ ಕೆಳಕ್ಕೆ ಎಳೆದು ಕಟ್ಟುತ್ತಾರೆ. ಹಿಮದ ಭಾರ ಹೊತ್ತ ಮರದ ಆಕಾರ ಅದು. ಜನವರಿಯಲ್ಲಿ ಎಲೆ ಕಳೆದುಕೊಂಡ ತಪಸಿ ಮರವನ್ನು ಯಾವುದಾದರೂ ಊರ ಹೊರಗೆ ನಿಂತು ನೋಡಿದರೆ, ಕೊಂಬೆಗಳು ಮೇಲೆದ್ದು, ಅಗಲಿ, ತುದಿಯಲ್ಲಿ ಸಣ್ಣ ಕಡ್ಡಿಗಳ ಜಾಲವಾಗುವ ಬಗೆ ತಿಳಿಯುತ್ತದೆ. ಆ ಮರವನ್ನೇ ಮಾದರಿ ಮಾಡಿಕೊಳ್ಳುವುದು ಒಳ್ಳೆಯದು.

ಎಲೆಯ ಗಾತ್ರದ ಚಿಂತೆ ಕಡೆಯದು. ಕವಲುಗಳು ಹೆಚ್ಚಿದಂತೆ ಎಲೆ ತಾನೇ ಚಿಕ್ಕದಾಗುತ್ತದೆ. ಗಟ್ಟಿಮುಟ್ಟಾದ ಹಿಪ್ಪುನೇರಳೆಯಲ್ಲಿ ಮೇ ಕೊನೆಗೆ ತೊಟ್ಟು ಬಿಟ್ಟು ಎಲೆಗಳನ್ನೆಲ್ಲ ಕತ್ತರಿಸಿದರೆ, ಎರಡು ಮೂರು ವಾರದಲ್ಲಿ ಬರುವ ಹೊಸ ಎಲೆ ಸಣ್ಣದಿರುತ್ತದೆ. ಅದೇ ವರ್ಷ ಬೇರು ಕತ್ತರಿಸಿದ ಮರಕ್ಕೆ ಇದನ್ನು ಮಾಡಬಾರದು.

ತಟ್ಟೆ, ನೀರು, ಹಿಂಡಿ

ಮುಖ್ಯ ಕೊಂಬೆಗಳು ನಿಂತು ಎರಡನೆಯ ಕವಲು ಹೊಡೆದ ಮೇಲೆ, ಅಂದರೆ ಬೊಡ್ಡೆಗೆ ಮೂರ್ನಾಲ್ಕು ವರ್ಷ, ಸಸಿಗೆ ಆರೇಳು ವರ್ಷ ಕಳೆದ ಮೇಲೆ, ತಟ್ಟೆಗೆ ಇಳಿಸಬಹುದು. ತಟ್ಟೆಯ ಆಳ ಬುಡದ ದಪ್ಪದಷ್ಟಿದ್ದರೆ ಸಾಕು, ತಳದಲ್ಲಿ ದೊಡ್ಡ ತೂತುಗಳಿರಬೇಕು. ಹೆಂಚಿನ ಚೂರು ಮೂರು ಪಾಲು, ನಾರಿನ ಪುಡಿ ಒಂದು, ಜರಡಿ ಹಿಡಿದ ಹಳೆ ಎರೆಹುಳು ಗೊಬ್ಬರ ಅರ್ಧ ಪಾಲು ಸೇರಿಸಿ ನೆಡಬೇಕು. ಎರಡು ವರ್ಷಕ್ಕೊಮ್ಮೆ ಅದೇ ಸಂಕ್ರಾಂತಿ–ಶಿವರಾತ್ರಿಯ ನಡುವೆ ಹೊರತೆಗೆದು, ಬೇರಿನ ಮೂರನೇ ಒಂದು ಭಾಗ ಕತ್ತರಿಸಿ ಮಾಧ್ಯಮ ಬದಲಾಯಿಸಬೇಕು.

ನೀರು ಹಾಕಿದಾಗಲೆಲ್ಲ ತೂತಿನಿಂದ ಹರಿದು ಬರುವಷ್ಟು ಹಾಕಬೇಕು. ಏಪ್ರಿಲಿನಲ್ಲಿ ದಿನಕ್ಕೆರಡು ಸಲವೂ ಬೇಕಾಗಬಹುದು, ಬಿಡದೆ ಮಳೆ ಹೊಡೆಯುವ ವಾರ ಒಂದು ಸಲವೂ ಬೇಡ. ಬೋರ್‌ವೆಲ್ಲಿನ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದರೆ ಮಳೆನೀರಿನಿಂದ ಚೆನ್ನಾಗಿ ತೊಳೆಯಬೇಕು. ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ತಿಳಿಯನ್ನು ಹತ್ತು ಪಟ್ಟು ನೀರಿಗೆ ಬೆರೆಸಿ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಕೊಡುವುದು ಬೆಳೆಯುವ ಹಂತದ ಮರಕ್ಕೆ ಸಾಕು. ಆಕಾರ ಕೂಡಿಬಂದ ಮರಕ್ಕೆ ಮೊದಲ ಚಿಗುರು ಬಲಿಯುವವರೆಗೆ ಇದನ್ನು ತಡೆಹಿಡಿಯಬೇಕು, ಇಲ್ಲವಾದರೆ ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ ವರ್ಷದ ಕೆಲಸ ಹಾಳಾಗುತ್ತದೆ.

ಹಿಪ್ಪುನೇರಳೆಯ ಕುಡಿ ಮುರುಟಿ ಎಲೆ ದಪ್ಪವಾಗಿ ಸುಕ್ಕುಗಟ್ಟಿದರೆ ರೇಷ್ಮೆ ಬೆಳೆಗಾರರು ತುಕ್ರ ಎನ್ನುತ್ತಾರೆ. ಹಿಟ್ಟುತಿಗಣೆ ರಸ ಹೀರುವುದರಿಂದ ಬರುವ ತೊಂದರೆ ಅದು. ಆ ಕುಡಿಯನ್ನು ಕತ್ತರಿಸಿ ಸುಟ್ಟು, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಬೆರೆಸಿ ವಾರಕ್ಕೊಮ್ಮೆ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಇರುವೆಗಳ ಸಾಲು ಕಾಂಡ ಹತ್ತುತ್ತಿದ್ದರೆ ತಿಗಣೆ ಎಲ್ಲೋ ಇದೆ ಎಂದೇ ಲೆಕ್ಕ.

ಪ್ರತಿ ಜನವರಿ ಎಲೆ ತೆಗೆದ ದಿನ ಮರವನ್ನು ಬಿಳಿ ಗೋಡೆಯ ಮುಂದಿಟ್ಟು ನಾಲ್ಕೂ ಬದಿಯಿಂದ ಫೋಟೊ ತೆಗೆದುಕೊಳ್ಳಬೇಕು. ಎಲೆಯ ಮರೆಯಲ್ಲಿ ಕಾಣದಿದ್ದ ತಪ್ಪುಗಳು, ಒಂದರ ಮೇಲೊಂದು ಹಾದ ಕೊಂಬೆ, ಒಳಕ್ಕೆ ತಿರುಗಿದ ಕಡ್ಡಿ, ತುದಿಯಲ್ಲಿ ಅತಿಯಾಗಿ ದಪ್ಪಗಾದ ಗಂಟು, ಆಗ ಎದ್ದು ಕಾಣುತ್ತವೆ. ತೆಗೆಯಬೇಕೆನಿಸಿದ ಕಡ್ಡಿಗಳನ್ನು ಅಂದೇ ಕತ್ತರಿಸದೆ ಕೆಂಪು ದಾರ ಕಟ್ಟಿಟ್ಟು, ಮೊಗ್ಗು ಉಬ್ಬುವವರೆಗೆ ದಿನವೂ ಹೋಗಿಬರುತ್ತ ನೋಡುವುದು ನನ್ನ ಅಭ್ಯಾಸ. ಕಟ್ಟಿದ ದಾರಗಳಲ್ಲಿ ಮೂರನೇ ಒಂದು ಪಾಲನ್ನಾದರೂ ನಾನು ಪ್ರತಿ ವರ್ಷ ಹಾಗೆಯೇ ಬಿಚ್ಚಿಬಿಡುತ್ತೇನೆ.